ಮನೆಯಲ್ಲೇ ಲಟ್ಟಿಸಿದ ಬಕ್ಲಾವಾ: ನನ್ನ ಅನುಭವ

ಬಕ್ಲಾವಾ ಎಂದರೆ ಕಾಗದದಷ್ಟು ತೆಳ್ಳಗಿನ ಹಿಟ್ಟಿನ ಹಾಳೆಗಳ ನಡುವೆ ಬೀಜಗಳ ಪುಡಿ ತುಂಬಿ, ಬೇಯಿಸಿ, ಸಕ್ಕರೆ ಪಾಕ ಸುರಿದ ಸಿಹಿ. ಅಂಗಡಿಯ ಫ್ರೋಜನ್ ಫಿಲೋ ಶೀಟ್, ಅಂದರೆ ಆ ತೆಳು ಹಾಳೆ, ಇಲ್ಲದೆ ಅದು ಆಗುವುದೇ ಇಲ್ಲ, ಅದರಲ್ಲೂ ಮಂಗಳೂರಿನ ಸೆಕೆಗೆ ಕೈಯಲ್ಲಿ ಲಟ್ಟಿಸಿದ ಹಾಳೆ ನಿಲ್ಲುವುದಿಲ್ಲ ಎಂದು ನಮ್ಮ ಬೇಕಿಂಗ್ ಬಳಗದ ಅರ್ಧ ಜನ ಹೇಳಿದ್ದರು. ಕಳೆದ ರಂಜಾನಿಗೆ ಅವರಲ್ಲೇ ಇಬ್ಬರು ನನ್ನ ಹತ್ತಿರ ಆರ್ಡರ್ ಕೊಟ್ಟು ಒಯ್ದರು. ಹಾಗಾಗಿ ಸ್ವಲ್ಪ ಜಂಬದಿಂದಲೇ ಬರೆಯುತ್ತೇನೆ, ಸಹಿಸಿಕೊಳ್ಳಿ.

ಫ್ರೋಜನ್ ಹಾಳೆಯ ಮೇಲೆ ನನಗೆ ಹಗೆಯೇನಿಲ್ಲ. ಆದರೆ ಅರ್ಧ ಕೆಜಿ ಪ್ಯಾಕೆಟ್ಟಿಗೆ ನಾನೂರರ ಆಸುಪಾಸು ಕೊಟ್ಟು ತಂದರೆ, ದಾರಿಯಲ್ಲೆಲ್ಲೋ ಒಮ್ಮೆ ಕರಗಿ ಮತ್ತೆ ಗಟ್ಟಿಯಾಗಿರುತ್ತದೆ. ಬಿಡಿಸುವಾಗ ಅಂಚುಗಳು ಅಂಟಿಕೊಂಡು, ಮಡಿಕೆ ಇದ್ದಲ್ಲೆಲ್ಲ ಪಟಪಟ ಮುರಿಯುತ್ತವೆ. ಮೂರರಲ್ಲೊಂದು ಪಾಲು ಚೂರು. ಚೂರನ್ನು ನಡುವೆ ತುಂಬಿ ಮುಚ್ಚಿಬಿಡಬಹುದು, ನಾವೆಲ್ಲ ಅದನ್ನೇ ಮಾಡುವುದು. ಆದರೆ ಕತ್ತರಿಸಿದಾಗ ಪದರ ಎಣಿಸುವ ಗಿರಾಕಿಗಳೂ ಇರುತ್ತಾರೆ.

ಮೊದಲು ಒಂದೊಂದೇ ಹಾಳೆ ಲಟ್ಟಿಸಿದೆ. ಒಂದು ಟ್ರೇಗೆ ಅರ್ಧ ದಿನ ಹೋಯಿತು, ರಟ್ಟೆ ಬಿದ್ದುಹೋಯಿತು. ಮೇಜಿನ ಮೇಲೆ ಬಟ್ಟೆ ಹಾಸಿ ಮುಷ್ಟಿಯಿಂದ ಎಳೆದು ನೋಡಿದೆ. ನಡುವೆ ತೂತು, ಅಂಚು ದಪ್ಪ. ಪಾಸ್ತಾ ಮೆಷಿನ್ ಕೊಡುವ ಪಟ್ಟಿ ಅಗಲ ಸಾಲದು, ಜೋಡಿಸಿದಲ್ಲೆಲ್ಲ ಪಾಕ ಸೋರುತ್ತದೆ. ಆ ಮೆಷಿನ್ನಿಗೆ ಕೊಟ್ಟ ಮೂರು ಸಾವಿರ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ದಾರಿ ಸಿಕ್ಕಿದ್ದು ಬಕ್ಲಾವಾಕ್ಕೆ ಹೆಸರಾದ ತುರ್ಕಿಯ ಗಾಜಿಯಾಂತೆಪ್ ಊರಿನವರ ಕೆಲಸ ನೋಡಿ. ಅವರು ಹಾಳೆಗಳ ನಡುವೆ ಗೋಧಿಯ ಪಿಷ್ಟ ಧಾರಾಳವಾಗಿ ಉದುರಿಸಿ, ಒಂದರ ಮೇಲೊಂದು ಪೇರಿಸಿ, ತೆಳ್ಳಗಿನ ಉದ್ದ ಕೋಲಿನಿಂದ ಇಡೀ ಕಟ್ಟನ್ನೇ ಒಟ್ಟಿಗೆ ಲಟ್ಟಿಸುತ್ತಾರೆ. ಗೋಧಿ ಪಿಷ್ಟ ಇಲ್ಲಿ ಸುಲಭಕ್ಕೆ ಸಿಗುವುದಿಲ್ಲ, ಕಾರ್ನ್‌ಫ್ಲೋರ್ ಸಾಕು. ಚಪಾತಿ ಲಟ್ಟಣಿಗೆ ಮಾತ್ರ ಸಾಲದು. ಬಡಗಿಯ ಹತ್ತಿರ ಎರಡೂವರೆ ಅಡಿಯ, ಹೆಬ್ಬೆರಳಿನಷ್ಟು ದಪ್ಪದ ಸಾಗುವಾನಿ ಕೋಲು ಮಾಡಿಸಿಕೊಂಡೆ. ಏನಕ್ಕೆ ಎಂದು ಕೇಳಿ ನಕ್ಕ, ನೂರೈವತ್ತು ತೆಗೆದುಕೊಂಡ.

ಅರ್ಧ ಕೆಜಿ ಮೈದಾ, ಉಪ್ಪು, ಎರಡು ಚಮಚ ಎಣ್ಣೆ, ಒಂದು ಚಮಚ ವಿನೆಗರ್, ಉಗುರುಬೆಚ್ಚಗಿನ ನೀರು. ಇನ್ನೊಂದು ವಸ್ತು ಹಾಕುತ್ತೇನೆ, ಅದು ನನಗಿರಲಿ. ಚೆನ್ನಾಗಿ ನಾದಿ ಎರಡು ಗಂಟೆ ಮುಚ್ಚಿಟ್ಟು, ಮೂವತ್ತು ಉಂಡೆ. ಪೂರಿ ಗಾತ್ರಕ್ಕೆ ಲಟ್ಟಿಸಿ, ನಡುನಡುವೆ ಕಾರ್ನ್‌ಫ್ಲೋರ್ ಉದುರಿಸಿ ಹತ್ತರ ಕಟ್ಟು. ಇಲ್ಲೇ ಎಲ್ಲರೂ ಸೋಲುವುದು: ಮೇಲಿನ ಹಾಳೆಗಳು ಹರಡುತ್ತವೆ, ಕೆಳಗಿನವು ಕೂತಲ್ಲೇ ಕೂರುತ್ತವೆ. ಅರ್ಧ ಅಗಲವಾದ ಮೇಲೆ ಕಟ್ಟನ್ನು ಬಿಡಿಸಿ, ಮತ್ತೆ ಪುಡಿ ಹಾಕಿ, ಕೆಳಗಿನದು ಮೇಲೆ, ಮೇಲಿನದು ಕೆಳಗೆ ಮಾಡಿ ಮುಂದುವರಿಸಬೇಕು. ಹನ್ನೆರಡು ಇಂಚಿಗೆ ಬಂದ ಹಾಳೆಯನ್ನು ಕಟ್ಟೆಯ ಮೇಲೆ ಹಾಸಿದರೆ ಗ್ರಾನೈಟಿನ ಚುಕ್ಕೆಗಳು ಕಾಣಬೇಕು. ಕಾಣದಿದ್ದರೆ ಇನ್ನೊಂದು ಸುತ್ತು. ಹಾಸುವ ಮೊದಲು ಒಣ ಬ್ರಷ್‌ನಿಂದ ಪುಡಿ ಕೊಡವಿ, ಇಲ್ಲವಾದರೆ ಬಾಯಲ್ಲಿ ಸುಣ್ಣ ಸಿಕ್ಕಂತಾಗುತ್ತದೆ.

ಬೆಣ್ಣೆ ಸವರಬೇಡಿ. ಅದರಲ್ಲಿರುವ ನೀರು ಪದರಗಳನ್ನು ಅಂಟಿಸುತ್ತದೆ, ಹಾಲಿನ ಗಸಿ ಕಪ್ಪಾಗುತ್ತದೆ. ನಮ್ಮ ಮನೆಗಳಲ್ಲಿ ತುಪ್ಪ ಇದ್ದೇ ಇದೆ, ಅದಕ್ಕಿಂತ ಬೇರೇನೂ ಬೇಕಿಲ್ಲ. ಒಂದು ಟ್ರೇಗೆ ಮುನ್ನೂರು ಗ್ರಾಮ್ ಹತ್ತಿರ. ಒಂದೊಂದು ಹಾಳೆಗೂ ಸವರುವ ಶ್ರಮ ಬೇಡ. ಹೂರಣವೂ ಸೇರಿ ಎಲ್ಲ ಪೇರಿಸಿ, ತಳ ಮುಟ್ಟುವಂತೆ ಕತ್ತರಿಸಿ, ಬಿಸಿ ತುಪ್ಪವನ್ನು ಗೆರೆಗಳ ಗುಂಟ ಸುರಿದರೆ ಅದೇ ಇಳಿಯುತ್ತದೆ. ಓಟಿಜಿಯಲ್ಲಿ (ಮೇಜಿನ ಮೇಲಿಡುವ ಕರೆಂಟ್ ಓವನ್) 170 ಡಿಗ್ರಿ, ಮುಕ್ಕಾಲು ಗಂಟೆಯಿಂದ ಒಂದು ಗಂಟೆ, ಮೊದಲರ್ಧ ಕೆಳಗಿನ ರಾಡ್ ಮಾತ್ರ. ಮೇಲೆ ಹೊಂಬಣ್ಣ, ಕೆಳಗೆ ಹಸಿ ಹಿಟ್ಟು ಎನ್ನುವವರೆಲ್ಲ ಎರಡೂ ರಾಡ್ ಹಾಕಿರುತ್ತಾರೆ.

ಜಗಳ ಆದದ್ದು ಪಾಕದ ವಿಷಯಕ್ಕೆ. ಪಾಕ, ಬೆಂದ ಟ್ರೇ ಎರಡರಲ್ಲಿ ಒಂದು ಬಿಸಿ, ಒಂದು ತಣ್ಣಗೆ ಇರಬೇಕು ಎಂದು ಎಲ್ಲರೂ ಪಾಠ ಒಪ್ಪಿಸುತ್ತಾರೆ. ನಾನೂ ಹಾಗೇ ಮಾಡುತ್ತಿದ್ದೆ. ನಮ್ಮ ಹವೆಗೆ ಮರುದಿನವೇ ತಳ ಮೆತ್ತಗೆ. ಗಾಜಿಯಾಂತೆಪ್‌ನ ಕುಶಲಿಗಳು ಒಲೆಯಿಂದ ಇಳಿದ ಟ್ರೇ ಮೇಲೆ ಕುದಿಯುವ ಪಾಕವನ್ನೇ ಸುರಿಯುತ್ತಾರೆ. ಹಾಗೆ ಮಾಡಿದಾಗ ಚುರ್ರೆಂದು ನೊರೆ ಎದ್ದು, ಆವಿ ಹಾರಿ, ಅಂಚಿನಲ್ಲಿ ಗುಳ್ಳೆ ಕುಣಿಯುತ್ತದೆ. ಪಾಕ ಒಂದೆಳೆಗೆ ಇನ್ನೇನು ಬಂತು ಎನ್ನುವಾಗ ನಿಲ್ಲಿಸಿ, ಥರ್ಮಾಮೀಟರ್ ಇದ್ದವರಿಗೆ 105 ಡಿಗ್ರಿ. ಒಂದೆಳೆ ದಾಟಿದರೆ ಮೂರನೇ ದಿನ ಸಕ್ಕರೆ ಹರಳುಗಟ್ಟುತ್ತದೆ. ಕೊನೆಯಲ್ಲಿ ಅರ್ಧ ನಿಂಬೆ ಹಿಂಡಿದರೆ ಆ ಭಯ ಬಹುಪಾಲು ಕಡಿಮೆ. ಸುರಿದ ಮೇಲೆ ಮುಚ್ಚಬಾರದು, ರಾತ್ರಿಯಿಡೀ ಹಾಗೇ ಬಿಡಿ.

ಹೂರಣಕ್ಕೆ ಪಿಸ್ತಾ ಮಾತ್ರ ಹಾಕಿ ವ್ಯಾಪಾರ ಮಾಡಿದರೆ ಮನೆ ಮಾರಬೇಕು. ಕೆಜಿಗೆ ಎರಡೂವರೆ ಸಾವಿರ. ಅಲ್ಲಿಯವರು ಪೂರ್ತಿ ಮಾಗುವ ಮೊದಲೇ ಕೊಯ್ದ ಹಸಿರು ಪಿಸ್ತಾ ಬಳಸುತ್ತಾರೆ, ಆ ಬಣ್ಣ ನಮಗೆ ಸಿಗುವ ಪಿಸ್ತಾದಲ್ಲಿ ಬರುವುದಿಲ್ಲ. ನನ್ನದು ಊರಿನ ಗೇರುಬೀಜದ ತುಂಡು, ಏಳುನೂರರ ಹತ್ತಿರ. ಮೇಲೊಂದು ತೆಳು ಪದರ ಪಿಸ್ತಾ. ಗೇರುಬೀಜವನ್ನು ನುಣ್ಣಗೆ ಅರೆದರೆ ಜಿಡ್ಡು ಬಿಟ್ಟು ಮುದ್ದೆಯಾಗುತ್ತದೆ. ಹುರಿದು, ತಣಿಸಿ, ತರಿತರಿಯಾಗಿ. ಜೊತೆಗೆ ಸೇರುವ ಮಸಾಲೆಯ ಅಳತೆ ಕೇಳಬೇಡಿ.

ಈ ನಡುವೆ ಅಡ್ಡದಾರಿಗಳೂ ಆದವು. ಚಿರೋಟಿಯ ಸಾಟಿಯನ್ನು, ಅಂದರೆ ತುಪ್ಪ ಕಲಸಿದ ಅಕ್ಕಿಹಿಟ್ಟನ್ನು, ಹಾಳೆಗಳ ನಡುವೆ ಸವರಿ ನೋಡಿದೆ. ಪದರ ಹೂವಿನಂತೆ ಬಿಚ್ಚಿತು, ಪಾಕ ಮಾತ್ರ ಒಳಗಿಳಿಯಲಿಲ್ಲ. ಚಿಕ್ಕಮ್ಮ ತಿಂದು, ‘ಇದಕ್ಕಿಂತ ಚಿರೋಟಿಯನ್ನೇ ಕರಿಯಬಹುದಿತ್ತಲ್ಲೇ’ ಅಂದರು. ಬೆಲ್ಲದ ಪಾಕ ಪಿಸ್ತಾವನ್ನು ನುಂಗಿಹಾಕಿತು, ಅಕ್ರೋಟಿಗೆ ಚೆನ್ನಾಗಿ ಒಪ್ಪಿತು. ಗ್ರೀಕರ ರೀತಿಯ ಅಕ್ರೋಟು, ದಾಲ್ಚಿನ್ನಿ, ಜೇನುತುಪ್ಪದ್ದು ಕ್ರಿಸ್ಮಸ್ಸಿಗೆ ಹೋಗುತ್ತದೆ. ಇರಾನಿನ ಯಜ್ದ್‌ನವರಂತೆ ಬಾದಾಮಿ, ಏಲಕ್ಕಿ, ಗುಲಾಬಿನೀರು ಹಾಕಿದ್ದು ನಮ್ಮವರಿಗೆ ಮೊದಲ ತುತ್ತಿಗೇ ಹಿಡಿಸುತ್ತದೆ. ಹಲಸಿನ ಹಣ್ಣಿನ ಹಲ್ವ ತುಂಬಿದ ಟ್ರೇ ಬಗ್ಗೆ ಮಾತು ಬೇಡ, ತಳವೆಲ್ಲ ಅಂಬಲಿ. ಹಾಲು ರವೆ ಕುದಿಸಿ ಮಾಡಿದ ಕೆನೆ ತುಂಬುವ ಶೊಬಿಯೆತ್ ಎಂಬ ತುರ್ಕಿ ಬಗೆ ಅದ್ಭುತ, ಆದರೆ ಅಂದೇ ತಿನ್ನಬೇಕು, ಪಾರ್ಸೆಲ್ ಆಗುವುದಿಲ್ಲ.

ಸುತ್ಲು ನೂರಿಯೆ ಎಂಬ ಇನ್ನೊಂದು ಬಗೆಯಿದೆ. ತುರ್ಕಿಯಲ್ಲಿ 1980ರ ಸೇನಾ ಆಡಳಿತ ಬಕ್ಲಾವಾದ ಬೆಲೆಗೆ ಮಿತಿ ಹಾಕಿದಾಗ, ಅಂಗಡಿಯವರು ದುಬಾರಿ ಪಿಸ್ತಾ ಬಿಟ್ಟು ಹೇಝಲ್‌ನಟ್ ಹಾಕಿ, ಪಾಕಕ್ಕೆ ಹಾಲು ಬೆರೆಸಿ ಮಾಡಿದ್ದು ಎಂದು ಕಥೆ ಹೇಳುತ್ತಾರೆ. ನಾನು ಗೇರುಬೀಜದಲ್ಲಿ ಮಾಡಿದೆ. ಹಾಲಿನ ಪಾಕವನ್ನು ಮಾತ್ರ ಕುದಿಯುವಾಗ ಸುರಿಯಬಾರದು, ಸ್ವಲ್ಪ ಆರಲಿ. ಮಕ್ಕಳಿಗೆ ಇದೇ ಇಷ್ಟ, ನನಗೂ ಖರ್ಚು ಕಡಿಮೆ.

ಲೆಕ್ಕಕ್ಕೆ ಬಂದರೆ, ಒಂದೂವರೆ ಕೆಜಿ ಮೀರುವ ಟ್ರೇಗೆ ಮೈದಾ, ಕಾರ್ನ್‌ಫ್ಲೋರ್ ಐವತ್ತರೊಳಗೆ, ತುಪ್ಪ ಇನ್ನೂರು, ಬೀಜಗಳು ನಾನೂರೈವತ್ತರ ಹತ್ತಿರ, ಸಕ್ಕರೆ, ಕರೆಂಟ್, ಡಬ್ಬಿ ಸೇರಿ ಎಂಟುನೂರು ಹಿಡಿಯಿರಿ. ಫ್ರೋಜನ್ ಹಾಳೆ, ಪೂರ್ತಿ ಪಿಸ್ತಾ ಇದ್ದಾಗ ಸಾವಿರದ ಐನೂರು ದಾಟುತ್ತಿತ್ತು. ಕೆಜಿಗೆ 1,400ಕ್ಕೆ ಕೊಡುತ್ತೇನೆ, ರಂಜಾನ್, ದೀಪಾವಳಿಗೆ ಬಿಡುವೇ ಇರುವುದಿಲ್ಲ. ಆಟಿಯಲ್ಲಿ, ಅಂದರೆ ಜಡಿಮಳೆಯ ತುಳು ತಿಂಗಳಲ್ಲಿ, ಮಾತ್ರ ಆರ್ಡರ್ ಹಿಡಿಯುವುದಿಲ್ಲ. ಎಸಿ ಹಾಕಿದ ಕೋಣೆಯಲ್ಲಿ ತಣಿಸಿ ಡಬ್ಬಿ ತುಂಬಿದರೂ ಗಿರಾಕಿ ಮನೆಯಲ್ಲಿ ಮುಚ್ಚಳ ತೆಗೆದ ಗಂಟೆಗೇ ಮೇಲಿನ ಹಾಳೆ ತಣ್ಣೀರು ಕುಡಿದಂತಾಗುತ್ತದೆ, ಆಮೇಲೆ ಫೋನ್ ಬರುವುದು ನನಗೆ. ಅದರ ಮುಂದಿನ ತಿಂಗಳು ಸೋಣ ಕಳೆದು ಬಿಸಿಲು ಬರಲಿ, ಆಗ ಕೇಳಿ ಎನ್ನುತ್ತೇನೆ.