ಇಂಗ್ಲೆಂಡಿನ ಶಾಲೆಯಲ್ಲಿ ಮಕ್ಕಳ ಕಣ್ಣಿನ ಪರೀಕ್ಷೆ: ಒಂದೇ ಸಲ ಬರುತ್ತದೆ

ನಾವು ಇಂಗ್ಲೆಂಡಿಗೆ ಬಂದ ಮೊದಲ ವರ್ಷ, ಮಗಳ ಬುಕ್ ಬ್ಯಾಗಿನ ತಳದಲ್ಲಿ ಮುದುಡಿಹೋದ ಒಂದು ಕಾಗದ ಸಿಕ್ಕಿತು. ಮೇಲೆ ಬಾಳೆಹಣ್ಣಿನ ಕಲೆ. ಇನ್ನೇನು ಎಸೆಯಬೇಕು, ಸುಮ್ನೆ ಒಮ್ಮೆ ಬಿಡಿಸಿ ಓದಿದೆ. ಶಾಲೆಯಲ್ಲಿ ಕಣ್ಣು ಪರೀಕ್ಷೆ ಮಾಡುತ್ತಾರೆ ಎಂಬ ಪತ್ರ ಅದು. ದಯವಿಟ್ಟು ಆ ಪತ್ರ ಬಂದರೆ ಬಿಡಬೇಡಿ.

ಇಲ್ಲಿ ರಿಸೆಪ್ಷನ್ ತರಗತಿಯಲ್ಲಿ, ಅಂದರೆ 4-5ನೇ ವಯಸ್ಸಿನಲ್ಲಿ, ಎಲ್ಲ ಮಕ್ಕಳ ದೃಷ್ಟಿ ನೋಡಬೇಕೆಂಬ ಶಿಫಾರಸು ಇದೆ. ಆದರೆ ಅದರ ವ್ಯವಸ್ಥೆ ಆಯಾ ಊರಿನ ಕೌನ್ಸಿಲ್, ಅಂದರೆ ಸ್ಥಳೀಯ ಆಡಳಿತದ ಕೈಯಲ್ಲಿದೆ. ಹಾಗಾಗಿ ಎಲ್ಲ ಕಡೆ ಒಂದೇ ಥರ ನಡೆಯುವುದಿಲ್ಲ. ನಿಮ್ಮ ಕಡೆ ಇದೆಯಾ ಅಂತ ಶಾಲೆಯ ಆಫೀಸಿನಲ್ಲಿ ಕೇಳಿಬಿಡಿ. ಸ್ಕಾಟ್ಲೆಂಡಿನಲ್ಲಾದರೆ ಶಾಲೆಗೆ ಸೇರುವ ಮುಂಚೆ, ನರ್ಸರಿಯಲ್ಲೇ ಮಾಡುತ್ತಾರೆ.

ಪರೀಕ್ಷೆ ಸುಲಭ. ಒಂದು ಕಣ್ಣು ಮುಚ್ಚಿ, ಸುಮಾರು 3 ಮೀಟರ್ ದೂರದಲ್ಲಿ ಅಕ್ಷರ ತೋರಿಸುತ್ತಾರೆ. ಮಗುವಿನ ಕೈಯಲ್ಲೂ ಅಂಥದೇ ಅಕ್ಷರಗಳ ಕಾರ್ಡ್ ಇರುತ್ತದೆ. ಹೆಸರು ಹೇಳಬೇಕಿಲ್ಲ, ಅದರಲ್ಲಿ ಬೆರಳಿಟ್ಟು ತೋರಿಸಿದರೆ ಸಾಕು. ಮನೆಯಲ್ಲಿ ಬರೀ ಕನ್ನಡ ಮಾತಾಡುವ ಮಗುವೂ ಮಾಡಬಹುದು. ಕಣ್ಣು ಮುಚ್ಚಿದರೆ ಹೆದರುವ ಮಗುವಾದರೆ, ಹಿಂದಿನ ವಾರ ಮನೆಯಲ್ಲಿ ಆಟದ ಹಾಗೆ ಅಭ್ಯಾಸ ಮಾಡಿಸಿ.

ಒಂದೊಂದೇ ಕಣ್ಣು ಯಾಕೆ ನೋಡುತ್ತಾರೆ ಗೊತ್ತಾ? ಅವರು ಮುಖ್ಯವಾಗಿ ಹುಡುಕುವುದು 'ಲೇಜಿ ಐ' ಅನ್ನುವ ತೊಂದರೆಯನ್ನು. ಒಂದು ಕಣ್ಣು ಮಂಜಾಗಿದ್ದರೆ ಮಿದುಳು ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳುವುದನ್ನೇ ಕಡಿಮೆ ಮಾಡುತ್ತದೆ. ಇನ್ನೊಂದು ಕಣ್ಣು ಎಲ್ಲ ಕೆಲಸ ಮಾಡುತ್ತದೆ. ಮಗು ಓಡುತ್ತದೆ, ಟಿವಿ ನೋಡುತ್ತದೆ, ಒಂದು ದಿನವೂ ದೂರು ಹೇಳುವುದಿಲ್ಲ. ಹೇಗೆ ಹೇಳೀತು? ಎಲ್ಲರಿಗೂ ಹೀಗೇ ಕಾಣುತ್ತದೆ ಅಂದುಕೊಂಡಿರುತ್ತದೆ. ಸುಮಾರು 50 ಮಕ್ಕಳಲ್ಲಿ ಒಬ್ಬರಿಗೆ ಇದು ಇರುತ್ತದೆ. ಚಿಕಿತ್ಸೆ ಬೇಗ ಶುರುವಾದಷ್ಟೂ ಒಳ್ಳೆಯದು. ಏಳು ವರ್ಷ ದಾಟಿದ ಮೇಲೆ ಫಲ ಸಿಗುವುದು ಕಷ್ಟವಾಗುತ್ತಾ ಹೋಗುತ್ತದೆ.

ನನಗೆ ಜಾಸ್ತಿ ಚಿಂತೆ ಇರುವುದು ಆರೇಳು ವರ್ಷದ ಮಕ್ಕಳನ್ನು ಕರೆದುಕೊಂಡು ಬರುವ ನಮ್ಮವರ ಬಗ್ಗೆ. ಆ ಮಕ್ಕಳು ನೇರವಾಗಿ ಇಯರ್ 2ಕ್ಕೋ 3ಕ್ಕೋ ಸೇರುತ್ತಾರೆ. ರಿಸೆಪ್ಷನ್ ತಪ್ಪಿತು ಅಂದರೆ ಈ ಪರೀಕ್ಷೆಯೂ ತಪ್ಪಿತು. ಶಾಲೆ ನೋಡಿಕೊಳ್ಳುತ್ತದೆ ಅಂತ ಅಪ್ಪ ಅಮ್ಮ ನಂಬಿಕೊಂಡಿರುತ್ತಾರೆ. ಪಾಸಾದ ಮಕ್ಕಳಿಗೂ ಅದು ಆ ದಿನದ ಮಾತು ಅಷ್ಟೇ. ದೂರದ್ದು ಕಾಣದ ಸಮಸ್ಯೆ ಎಂಟು, ಹತ್ತು ವರ್ಷಕ್ಕೂ ಶುರುವಾಗಬಹುದು.

ಇದಕ್ಕೆ ಜಿಪಿ, ಅಂದರೆ ನಿಮ್ಮ ಬಡಾವಣೆಯ ಡಾಕ್ಟರ ಹತ್ತಿರ ಹೋಗಬೇಕಿಲ್ಲ. ಪೇಟೆಯ ಯಾವುದಾದರೂ ಆಪ್ಟಿಶಿಯನ್‌ಗೆ (ಕಣ್ಣು ಪರೀಕ್ಷಿಸಿ ಕನ್ನಡಕ ಕೊಡುವ ಅಂಗಡಿ) ಫೋನ್ ಮಾಡಿ, ಮಗುವಿಗೆ ಎನ್‌ಎಚ್‌ಎಸ್ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ) ಸೈಟ್ ಟೆಸ್ಟ್ ಬೇಕು ಅನ್ನಿ. 16 ವರ್ಷದೊಳಗಿನ ಮಕ್ಕಳಿಗೆ ಉಚಿತ. ಪೂರ್ಣಾವಧಿ ಓದುತ್ತಿದ್ದರೆ 19 ತುಂಬುವವರೆಗೂ ಉಚಿತ. ಮಗುವಿನ ವಯಸ್ಸು ಮೊದಲೇ ಹೇಳಿ, ಕೆಲವು ಕಡೆ ತೀರಾ ಚಿಕ್ಕವರನ್ನು ನೋಡುವುದಿಲ್ಲ. ಊರಲ್ಲಿ ಮಾಡಿಸಿದ ಕನ್ನಡಕ, ಚೀಟಿ ಇದ್ದರೆ ತೆಗೆದುಕೊಂಡು ಹೋಗಿ. ಕನ್ನಡಕ ಬೇಕಾದರೆ ವೌಚರ್ ಸಿಗುತ್ತದೆ. ಆ ಮೊತ್ತದೊಳಗಿನ ಫ್ರೇಮ್ ಆರಿಸಿದರೆ ಕೈಯಿಂದ ಏನೂ ಕೊಡಬೇಕಿಲ್ಲ. ಆಟದಲ್ಲಿ ಮುರಿದುಕೊಂಡು ಬಂದರೂ ರಿಪೇರಿಗೆ ಸಹಾಯ ಇದೆ, ಮಗುವಿಗೆ ಬೈಯಬೇಡಿ.

ಲೇಜಿ ಐ ಅಂತ ಗೊತ್ತಾದರೆ ಆಸ್ಪತ್ರೆಯ ಆರ್ಥಾಪ್ಟಿಸ್ಟ್, ಅಂದರೆ ಇಂಥ ಕಣ್ಣಿನ ತೊಂದರೆಗಳ ತಜ್ಞರು, ನೋಡುತ್ತಾರೆ. ಸಾಮಾನ್ಯವಾಗಿ ಮೊದಲು ಕೆಲವು ತಿಂಗಳು ಕನ್ನಡಕ. ಅಷ್ಟು ಸಾಲದಿದ್ದರೆ ಮಂಜಾದ ಕಣ್ಣು ಕೆಲಸ ಮಾಡಲಿ ಅಂತ, ಚೆನ್ನಾಗಿರುವ ಕಣ್ಣನ್ನು ದಿನಕ್ಕೆ ಇಷ್ಟು ಗಂಟೆ ಮುಚ್ಚಿಡುವ ಪಟ್ಟಿ. ಪಟ್ಟಿ ಹಾಕಿದ ಮೊದಲ ದಿನಗಳು ಕಷ್ಟ, ಮಗು ಕಿತ್ತು ಎಸೆಯುತ್ತದೆ. ಕ್ಲಾಸ್ ಟೀಚರ್‌ಗೆ ಮೊದಲೇ ಹೇಳಿಟ್ಟರೆ ಮುಂದಿನ ಸಾಲಿನಲ್ಲಿ ಕೂರಿಸುತ್ತಾರೆ.

ಇನ್ನು ವಿಡಿಯೋ ಕಾಲ್‌ನಲ್ಲಿ ಅಜ್ಜಿ, "ಇಷ್ಟು ಚಿಕ್ಕ ವಯಸ್ಸಿಗೇ ಕನ್ನಡಕನಾ, ಬೇಡ ತೆಗೆಸು" ಅಂದೇ ಅನ್ನುತ್ತಾರೆ. ಅಜ್ಜಿಗೆ ಸಮಾಧಾನವಾಗಿ ವಿವರಿಸಿ. ಆದರೆ ಕನ್ನಡಕ ಮಾತ್ರ ತೆಗೆಸಬೇಡಿ.