ತಾಪ ಏರದೆ ನಿಲ್ಲುವ ಜಾಗ: ಮಂಜುಗಡ್ಡೆಯ ಪ್ರಯೋಗ ನಾನು ಮಾಡಿಸುವ ಬಗೆ

ಘನ, ದ್ರವ, ಅನಿಲಗಳ ಪಾಠವನ್ನು ನಾನು ವ್ಯಾಖ್ಯೆಯಿಂದ ಶುರು ಮಾಡುವುದಿಲ್ಲ. ಮೊದಲು ಮಂಜುಗಡ್ಡೆ ಕಾಯಿಸಿ, ಕಾಲ ಮತ್ತು ತಾಪದ ನಕ್ಷೆ ಬರೆಸುತ್ತೇನೆ. ಅದರಲ್ಲಿ ಗೆರೆ ಏರದೆ ಮಟ್ಟಸವಾಗಿ ಸಾಗುವ ಎರಡು ಕಡೆ ಇವೆಯಲ್ಲ, ಪಾಠದ ಮುಖ್ಯ ಭಾಗ ಇರುವುದೇ ಅಲ್ಲಿ.

250 ಮಿ.ಲೀ. ಬೀಕರಿಗೆ 100 ಗ್ರಾಂ ಮಂಜುಗಡ್ಡೆ ಸಾಕು, ಆದರೆ ಕುಟ್ಟಿ ಪುಡಿ ಮಾಡಿರಬೇಕು. ದೊಡ್ಡ ತುಂಡುಗಳಾದರೆ ಮೇಲೆ ಗಡ್ಡೆ ತೇಲುತ್ತಿರುವಾಗಲೇ ಕೆಳಗಿನ ನೀರು ಬಿಸಿಯಾಗಿ, ಸೊನ್ನೆಯಲ್ಲಿ ನಿಲ್ಲಬೇಕಾದ ಗೆರೆ ಓರೆಯಾಗುತ್ತದೆ. ಥರ್ಮಾಮೀಟರನ್ನು ಸ್ಟ್ಯಾಂಡಿಗೆ ಕಟ್ಟಿ, ಬುರುಡೆ ತಳದಿಂದ ಎರಡು ಸೆಂ.ಮೀ. ಮೇಲಿರುವಂತೆ ನೋಡಿಕೊಳ್ಳಿ. ತಳಕ್ಕೆ ತಾಗಿದರೆ ಅದು ಅಳೆಯುವುದು ಗಾಜಿನ ಬಿಸಿಯನ್ನು. ಗಾಜಿನ ಕಡ್ಡಿಯಿಂದ ಬಿಡದೆ ಕಲಕಬೇಕು. ಥರ್ಮಾಮೀಟರಿನಿಂದಲೇ ಕಲಕುವ ಮಕ್ಕಳು ಪ್ರತಿ ತರಗತಿಯಲ್ಲೂ ಇರುತ್ತಾರೆ, ಮೊದಲೇ ಹೇಳಿಬಿಡಿ. ಉರಿ ಸಣ್ಣದಿರಲಿ. ಅರ್ಧ ನಿಮಿಷಕ್ಕೊಮ್ಮೆ ತಾಪ ಬರೆದುಕೊಳ್ಳಬೇಕು. ಉರಿ ದೊಡ್ಡದಾದರೆ ಸೊನ್ನೆಯಲ್ಲಿ ಎರಡು ಮೂರು ಚುಕ್ಕೆಗಳಷ್ಟೇ ಸಿಕ್ಕುತ್ತವೆ, ಅದನ್ನು ಯಾರೂ ನಂಬುವುದಿಲ್ಲ.

ಸೊನ್ನೆ ಡಿಗ್ರಿಯ 100 ಗ್ರಾಂ ಮಂಜುಗಡ್ಡೆ ಕರಗಲು ಸುಮಾರು 33 ಕಿಲೋಜೂಲ್ ಬೇಕು. ಆ ನೀರು 100 ಡಿಗ್ರಿಗೆ ಏರಲು 42. ಪೂರ್ತಿ ಆವಿಯಾಗಲು 226! ಹಾಗಾಗಿ ಬೀಕರ್ ಒಣಗುವವರೆಗೆ ಕಾಯುತ್ತಾ ಕೂರಬೇಡಿ. ಒಣಗಿದರೆ ಗಾಜೂ ಒಡೆದೀತು. ಕುದಿ ಬಂದಮೇಲೆ ಐದು ನಿಮಿಷ ಬರೆದುಕೊಂಡರೆ ಸಾಕು.

ಕರಗುವಾಗಲೂ ಕುದಿಯುವಾಗಲೂ ತಾಪ ಏರಲಿಲ್ಲವಲ್ಲ, ಕೊಟ್ಟ ಉಷ್ಣ ಎಲ್ಲಿ ಹೋಯಿತು ಎಂದು ಇಲ್ಲಿ ಕೇಳುತ್ತೇನೆ. ಅದು ಕಣಗಳ ಚಲನೆಯನ್ನು ಹೆಚ್ಚಿಸಲಿಲ್ಲ, ಅವುಗಳ ನಡುವಿನ ಹಿಡಿತ ಬಿಡಿಸಲು ಖರ್ಚಾಯಿತು. ಅದೇ ಗುಪ್ತೋಷ್ಣ. ಕರಗುವಾಗ ಹಿಡಿತ ಸಡಿಲವಾದರೆ ಸಾಕು, ಆವಿಯಾಗುವಾಗ ಪೂರ್ತಿ ಕಳಚಬೇಕು. 33 ಮತ್ತು 226ರ ಅಂತರಕ್ಕೆ ಕಾರಣ ಇದೇ.

ಕುದಿಯುವಾಗ 100 ಕಾಣದಿದ್ದರೆ ಮಕ್ಕಳು ಅಂಕಿ ತಿದ್ದುತ್ತಾರೆ. ತಿದ್ದಲು ಬಿಡಬೇಡಿ. ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಥರ್ಮಾಮೀಟರ್ ಮೇಲೆಯೇ ಅನುಮಾನವಿದ್ದರೆ, ಕರಗುತ್ತಿರುವ ಮಂಜುಗಡ್ಡೆಯಲ್ಲಿ ಅದು ಎಷ್ಟು ತೋರಿಸಿತ್ತೆಂದು ನೋಡಿ.

ಬಿಳಿ ಹೊಗೆಯಂತೆ ಮೇಲೇಳುವುದನ್ನೇ ಅನಿಲವೆಂದು ಬಹುತೇಕರು ಬರೆಯುತ್ತಾರೆ. ಅದು ತಣಿದು ಹನಿಗಟ್ಟಿದ ನೀರು, ಅಂದರೆ ದ್ರವ. ನೀರಾವಿ ಕಣ್ಣಿಗೆ ಕಾಣದು. ಕಿರಿದಾದ ಬಾಯಿಯ ಫ್ಲಾಸ್ಕಿನಲ್ಲಿ ನೀರು ಚೆನ್ನಾಗಿ ಕುದಿಸಿ, ಬಾಯಿಗೂ ಬಿಳಿ ಮೋಡಕ್ಕೂ ನಡುವೆ ಉಳಿಯುವ ಬರಿ ಜಾಗವನ್ನು ತೋರಿಸಿ. ದೂರದಿಂದಲೇ ತೋರಿಸಿ, ಸುಡುವುದು ಆ ಜಾಗವೇ.