ಥಾರ್‌ಗೆ ಮನೇಲೇ ಮಾಡಿದ ಸ್ಕಿಡ್ ಪ್ಲೇಟ್

ಸಕಲೇಶಪುರದ ಕಡೆ ಎಸ್ಟೇಟ್ ರೋಡಲ್ಲಿ ಒಂದ್ಸಲ ಕಲ್ಲು ತಾಗಿ ಸಂಪ್ (ಇಂಜಿನ್ ಅಡಿಯ ಆಯಿಲ್ ತೊಟ್ಟಿ) ಒಡೆದು ಆಯಿಲೆಲ್ಲಾ ಸುರಿದೋದ್ಮೇಲೆ ಬುದ್ಧಿ ಬಂತು ನಂಗೆ. ನಂದು ಹಳೇ ಮಹೀಂದ್ರಾ ಥಾರ್ ಜೀಪು. ಅದಕ್ಕೇ ಕಲ್ಲೇಟು ಇಂಜಿನ್‌ಗೆ ಬೀಳದ ಹಾಗೆ ಕೆಳಗೆ ಸ್ಕಿಡ್ ಪ್ಲೇಟ್, ಅಂದ್ರೆ ದಪ್ಪ ಲೋಹದ ತಗಡು, ನಾನೇ ಮಾಡಿ ಹಾಕ್ದೆ. ಮಾಡೋದು ಹೀಗೆ.

ಮೊದ್ಲು ರಟ್ಟಲ್ಲಿ ಅಚ್ಚು. ಟಿವಿ ಬಂದಿದ್ದ ಡಬ್ಬ ಹರಿದು ಗಾಡಿ ಕೆಳಗೆ ಮಲಗಿ, ಬಂಪರ್ ಹಿಂದಿಂದ ಸಂಪ್ ದಾಟೋವರೆಗೂ ಅಳತೆ ತಗೊಳ್ಳಿ, ಚಾಸಿಯಲ್ಲಿ (ಗಾಡಿಯ ಕೆಳಗಿನ ಕಬ್ಬಿಣದ ಚೌಕಟ್ಟು) ಮೊದಲೇ ಇರೋ ತೂತುಗಳನ್ನ ರಟ್ಟಿನ ಮೇಲೆ ಮಾರ್ಕ್ ಮಾಡಿ, ಹೊಸ ತೂತು ಕೊರೆಯೋಕೆ ಹೋಗ್ಬೇಡಿ. ಆಯಿಲ್ ಡ್ರೈನ್ ನಟ್ ಎದುರಿಗೆ ಸ್ಪ್ಯಾನರ್ ಕೈ ಎರಡೂ ಹೋಗೋಷ್ಟು ಕಿಂಡಿ ಬಿಡ್ಲೇಬೇಕು, ನಾನು ಮರೆತು ಆಮೇಲೆ ಗ್ರೈಂಡರ್ ಹಿಡ್ಕೊಂಡು ಒದ್ದಾಡಿದೆ.

ಪ್ಲೇಟು 4 ಎಂಎಂ ದಪ್ಪದ ಎಂಎಸ್ (ಮೈಲ್ಡ್ ಸ್ಟೀಲ್) ಸಾಕು. ಒಂದು ಚದರ ಅಡಿಗೆ ಹತ್ತತ್ರ 3 ಕೆಜಿ, ಅಂದ್ರೆ 2 ಅಡಿಗೆ 2 ಅಡಿ ಅಂದ್ರೂ 12 ಕೆಜಿ ಮುಂದೆ ನೇತಾಡತ್ತೆ. 6 ಎಂಎಂ ಅಲ್ಯುಮಿನಿಯಂ ಅದರ ಅರ್ಧ ತೂಕ, ಕಾಸು ಮಾತ್ರ ಜಾಸ್ತಿ.

ಮುಂದಿನ ಅಂಚನ್ನ ಮೇಲಕ್ಕೆ ಬಗ್ಗಿಸಿ, ಇಲ್ಲಾಂದ್ರೆ ಜಾರೋ ಬದ್ಲು ನೇಗಿಲ ಥರ ಮಣ್ಣು ಬಗೆಯತ್ತೆ. ಸಂಪ್‌ಗೂ ಪ್ಲೇಟ್‌ಗೂ ಒಂದಿಂಚು ಗ್ಯಾಪ್ ಇರ್ಲಿ, ಪ್ಲೇಟ್ ಬಗ್ಗಿದ್ರೂ ತಾಗಬಾರದು. ಗಾಳಿ ಆಡೋಕೆ, ಕೆಸರು ಇಳಿಯೋಕೆ ನಾಲ್ಕೈದು ಸೀಳು ಕೊಯ್ಸಿ.

ಚಾಸಿಗೆ ವೆಲ್ಡ್ ಬೇಡ, ಬೋಲ್ಟೇ ಹಾಕಿ, ತಲೆ ಮೇಲೆ 8.8 ಅಂತ ಇರೋ ಗಟ್ಟಿ ಗ್ರೇಡ್, ನೈಲಾಕ್ ನಟ್ (ಸಡಿಲ ಆಗದ ಹಾಗೆ ಒಳಗೆ ನೈಲಾನ್ ಬಳೆ ಇರೋ ನಟ್) ಜೊತೆ. ತಲೆ ಪ್ಲೇಟ್ ಒಳಗೇ ಕೂರೋ ಕೌಂಟರ್‌ಸಂಕ್ ಬೋಲ್ಟ್ ಆದ್ರೆ ಕಲ್ಲಿಗೆ ಸವೆಯಲ್ಲ. ತುಕ್ಕು ಹಿಡಿಯದ ಹಾಗೆ ರೆಡ್ ಆಕ್ಸೈಡ್ ಪ್ರೈಮರ್ ಹೊಡೆದು ಮೇಲೆ ಕಪ್ಪು ಪೇಂಟ್. 100 ಕಿಲೋಮೀಟರ್ ಓಡ್ಸಿ ಎಲ್ಲಾ ಬೋಲ್ಟ್ ಮತ್ತೊಮ್ಮೆ ಬಿಗಿ ಮಾಡಿ.